ಬಿಡುವು ಬೇರೆ, ವಿಶ್ರಾಂತಿ ಬೇರೆ

ರೈತನ ದಿನವನ್ನು ಮಳೆ ಬಿಸಿಲುಗಳು ಗೊತ್ತುಮಾಡುತ್ತವೆ. ಉಪಾಧ್ಯಾಯನ ದಿನವನ್ನು ಶಾಲೆಯ ಗಂಟೆ ಗೊತ್ತುಮಾಡುತ್ತದೆ. ವೈದ್ಯನ ದಿನವನ್ನಾದರೋ ಪರರ ನೋವು ಗೊತ್ತುಮಾಡುತ್ತದೆ. ಆದ್ದರಿಂದ ವೈದ್ಯವೃತ್ತಿಯಲ್ಲಿರುವವರ ಮನೆಗಳಲ್ಲಿ ಊಟದ ಹೊತ್ತು, ನಿದ್ರೆಯ ಹೊತ್ತು, ಮಕ್ಕಳೊಡನೆ ಕಳೆಯುವ ಹೊತ್ತು ಎಂಬುವು ಎಂದಿಗೂ ಅನಿಶ್ಚಿತವೇ. ಇದು ಎಲ್ಲರೂ ಬಲ್ಲ ಸಂಗತಿ. ಆದರೆ 2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಸಾಂಕ್ರಾಮಿಕದ ಕಾರಣದಿಂದ ದೇಶವೇ ಬಾಗಿಲು ಹಾಕಿಕೊಂಡಾಗ ವೈದ್ಯರಲ್ಲಿಯೇ ಒಂದು ವರ್ಗದವರಿಗೆ ಹಿಂದೆಂದೂ ಕಾಣದ ಪರಿಸ್ಥಿತಿ ಒದಗಿತು. ದೊಡ್ಡ ಆಸ್ಪತ್ರೆಗಳ ವೈದ್ಯರು ಹಗಲಿರುಳೆನ್ನದೆ ದುಡಿಯುತ್ತಿದ್ದಾಗ ದಂತವೈದ್ಯರು ತಮ್ಮ ಚಿಕಿತ್ಸಾಲಯಕ್ಕೆ ಬೀಗ ಹಾಕಿ ಮನೆಯಲ್ಲಿ ಕುಳಿತರು. ಜನ ಅವರನ್ನು ವೀರರೆಂದು ಹೊಗಳಲಿಲ್ಲ. ಅವರಿಗೆ ಬಂದ ಕಷ್ಟವನ್ನು ಗಮನಿಸಲೂ ಇಲ್ಲ. ಆ ದಿನಗಳಲ್ಲಿ ಒಂದು ದಂತವೈದ್ಯರ ಮನೆಯೊಳಗೆ ನಡೆದುದನ್ನು ಹತ್ತಿರದಿಂದ ನೋಡಿದವನಾಗಿ, ದುಡಿಮೆಗೂ ಮನೆಗೂ ಇರಬೇಕಾದ ಸಮತೋಲನವನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿತು.

ನನ್ನ ಮಗ ಮತ್ತು ಸೊಸೆ ಇಬ್ಬರೂ ದಂತವೈದ್ಯರು. ದಾವಣಗೆರೆಯಲ್ಲಿ ಸ್ವಂತ ಚಿಕಿತ್ಸಾಲಯ ನಡೆಸುತ್ತಾರೆ. ಮಗ ಎಲ್ಲ ಬಗೆಯ ಸಾಮಾನ್ಯ ದಂತಚಿಕಿತ್ಸೆ ಮಾಡುವವನು. ಸೊಸೆ ಮಕ್ಕಳ ಹಲ್ಲುಗಳ ವಿಷಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿದವಳು. ಅಧ್ಯಾಪನದಿಂದ ಆಗಷ್ಟೇ ನಿವೃತ್ತನಾಗಿದ್ದ ನಾನೂ ನನ್ನ ಪತ್ನಿಯೂ ಅವರೊಡನೆ ವಾಸವಾಗಿದ್ದೆವು. ಮೊಮ್ಮಗನಿಗೆ ಆಗ ಐದು ವರ್ಷ. ಹೀಗೆ ಐದು ಮಂದಿಯ ಒಂದು ಸಾಧಾರಣ ಸಂಸಾರ.

ಲಾಕ್‌ಡೌನಿಗೆ ಮುಂಚಿನ ಅವರ ದಿನಚರಿಯನ್ನು ಮೊದಲು ಹೇಳಬೇಕು. ಬೆಳಿಗ್ಗೆ ಹತ್ತಕ್ಕೆ ಚಿಕಿತ್ಸಾಲಯದ ಬಾಗಿಲು ತೆರೆದರೆ ಮಧ್ಯಾಹ್ನ ಎರಡರವರೆಗೆ ಕೆಲಸ. ಮತ್ತೆ ಸಂಜೆ ಐದರಿಂದ ಒಂಬತ್ತು, ಒಮ್ಮೊಮ್ಮೆ ಹತ್ತು. ಉದ್ಯೋಗಸ್ಥರಿಗೆ ಬಿಡುವಾಗುವುದು ಸಂಜೆ ಮತ್ತು ಭಾನುವಾರವಾದ್ದರಿಂದ ದಂತವೈದ್ಯನಿಗೆ ಅವೇ ದುಡಿಮೆಯ ಹೊತ್ತುಗಳು. ಲೋಕಕ್ಕೆ ವಿರಾಮವಾದಾಗ ಅವನಿಗೆ ಕೆಲಸ. ಅವನಿಗೆ ವಿರಾಮವಾದಾಗ ಮಗು ನಿದ್ರೆಯಲ್ಲಿರುತ್ತದೆ. ಹಲ್ಲಿನ ಕೆಲಸ ಅಂಗುಲಕ್ಕಿಂತ ಚಿಕ್ಕದಾದ ಜಾಗದಲ್ಲಿ ನಡೆಯುವ ಕುಸುರಿ. ಕತ್ತು ಬಾಗಿಸಿ, ಬೆನ್ನು ತಿರುಚಿ, ಉಸಿರು ಬಿಗಿಹಿಡಿದು ಮಾಡಬೇಕು. ದಂತವೈದ್ಯರಲ್ಲಿ ಕತ್ತುನೋವು ಬೆನ್ನುನೋವುಗಳು ಹೆಚ್ಚೆಂಬುದು ವೃತ್ತಿಯವರಿಗೆಲ್ಲ ತಿಳಿದ ವಿಷಯ. ಮಗ ಮೂವತ್ತಾರನೆಯ ವಯಸ್ಸಿಗೇ ಕೊರಳಪಟ್ಟಿ ಹಾಕಿಕೊಂಡು ಊಟಕ್ಕೆ ಕೂರುತ್ತಿದ್ದ.

ಇಷ್ಟೇಕೆ ದುಡಿಯಬೇಕು ಎಂದು ಹೊರಗಿನವರು ಕೇಳುವುದು ಸುಲಭ. ನಮ್ಮ ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ದಂತವೈದ್ಯಕೀಯ ಕಾಲೇಜುಗಳಿವೆ. ದಾವಣಗೆರೆಯೊಂದರಲ್ಲಿಯೇ ಎರಡಿವೆ. ಒಂದು ವರ್ಷದ ತರಬೇತಿಯೂ ಸೇರಿದಂತೆ ಐದು ವರ್ಷ ಓದಿ ಹೊರಬರುವ ತರುಣ ತರುಣಿಯರಿಗೆ ಸರ್ಕಾರಿ ನೌಕರಿಗಳು ಬಹು ವಿರಳ. ತತ್ಪರಿಣಾಮವಾಗಿ ಹೆಚ್ಚಿನವರು ಸಾಲ ಮಾಡಿ ಸ್ವಂತ ಚಿಕಿತ್ಸಾಲಯ ತೆರೆಯುತ್ತಾರೆ. ಕುರ್ಚಿ, ಕ್ಷಕಿರಣ ಯಂತ್ರ, ಗಾಳಿಯೊತ್ತಡದ ಯಂತ್ರ, ಉಪಕರಣಗಳನ್ನು ಶುದ್ಧಿಮಾಡುವ ಆಟೋಕ್ಲೇವ್ ಇವೆಲ್ಲ ರೋಗಿ ಬರಲಿ ಬಿಡಲಿ ಕಂತು ಕೇಳುವ ವಸ್ತುಗಳು. ಒಂದೇ ಬೀದಿಯಲ್ಲಿ ಮೂರು ಫಲಕಗಳಿರುವಲ್ಲಿ, ಪಕ್ಕದ ಚಿಕಿತ್ಸಾಲಯದ ದೀಪ ಉರಿಯುತ್ತಿರುವಾಗ ತನ್ನ ದೀಪ ಆರಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ಹೀಗೆ ಒಬ್ಬರನ್ನು ನೋಡಿ ಒಬ್ಬರು ರಾತ್ರಿಯನ್ನು ಹಿಂದಕ್ಕೆ ನೂಕುತ್ತ ಹೋಗಿದ್ದರು.

ಇಂತಹ ವೃತ್ತಿಯನ್ನು ಕೊರೊನಾ ಹೇಗೆ ನಿಲ್ಲಿಸಿತೆಂಬುದನ್ನು ಸ್ವಲ್ಪ ವಿವರಿಸಬೇಕು. ದಂತವೈದ್ಯರು ಹಲ್ಲು ಕೊರೆಯಲು ಬಳಸುವ ಏರೋಟರ್ ಎಂಬ ಉಪಕರಣ ಗಾಳಿಯ ಒತ್ತಡದಿಂದ ನಿಮಿಷಕ್ಕೆ ಮೂರರಿಂದ ನಾಲ್ಕು ಲಕ್ಷ ಸುತ್ತು ತಿರುಗುತ್ತದೆ. 1950ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಈ ಯಂತ್ರ ಚಿಕಿತ್ಸೆಯ ಹೊತ್ತನ್ನೂ ರೋಗಿಯ ಯಾತನೆಯನ್ನೂ ಬಹಳ ಕಡಿಮೆ ಮಾಡಿತು. ಆದರೆ ಅಷ್ಟು ವೇಗದಲ್ಲಿ ತಿರುಗುವಾಗ ಹಲ್ಲು ಕಾಯದಂತೆ ಅದರ ತುದಿಗೆ ನೀರು ಚಿಮ್ಮಿಸುತ್ತಿರಬೇಕು. ಆ ನೀರು ರೋಗಿಯ ಎಂಜಲಿನೊಡನೆ ಬೆರೆತು ಸೂಕ್ಷ್ಮವಾದ ಮಂಜಾಗಿ ಕೋಣೆಯಲ್ಲಿ ಹರಡುತ್ತದೆ. ಹಲ್ಲಿನ ಗಾರೆ ತೆಗೆಯುವ ಯಂತ್ರದಿಂದಲೂ ಹೀಗೆಯೇ ಆಗುತ್ತದೆ. ಹೊಸ ರೋಗಾಣುವಾದರೋ ಎಂಜಲಿನಲ್ಲಿಯೂ ಉಸಿರಿನಲ್ಲಿಯೂ ಇರುವಂಥದು. ವೈದ್ಯನ ಮುಖ ರೋಗಿಯ ಬಾಯಿಗೆ ಒಂದು ಗೇಣು ದೂರ. ರೋಗಿಗೆ ಮುಖಗವಸು ಹಾಕುವ ಮಾತೇ ಇಲ್ಲ. ಚೀನಾದ ವುಹಾನ್ ವಿಶ್ವವಿದ್ಯಾಲಯದ ದಂತ ಆಸ್ಪತ್ರೆಯಲ್ಲಿ ಒಂಬತ್ತು ಮಂದಿ ಸಿಬ್ಬಂದಿಗೆ ಸೋಂಕು ತಗುಲಿತೆಂಬ ವರದಿ 2020ರ ಮಾರ್ಚ್ ತಿಂಗಳಲ್ಲಿ ವೃತ್ತಿಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅದೇ ತಿಂಗಳು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಯಾವ ವೃತ್ತಿಯವರಿಗೆ ಅಪಾಯ ಹೆಚ್ಚೆಂದು ತೋರಿಸುವ ಚಿತ್ರವೊಂದನ್ನು ಅಚ್ಚುಮಾಡಿದಾಗ ದಂತಚಿಕಿತ್ಸೆಯವರು ಅದರ ತುತ್ತತುದಿಯಲ್ಲಿದ್ದರು. ಆ ಚಿತ್ರವನ್ನು ಮಗ ತನ್ನ ದೂರವಾಣಿಯಲ್ಲಿ ಸೊಸೆಗೆ ತೋರಿಸಿದ. ಸೊಸೆ ಅದನ್ನು ನಮಗೆ ತೋರಿಸಲಿಲ್ಲ. ನಮಗೆ ತಿಳಿದದ್ದು ಬಹಳ ದಿನಗಳ ಮೇಲೆ.

ಕೊರೊನಾದಿಂದ ಭಾರತದಲ್ಲಿ ಸಂಭವಿಸಿದ ಮೊದಲ ಮರಣ ನಮ್ಮ ಕಲಬುರಗಿಯದೇ ಆಗಿತ್ತು. ಮಾರ್ಚ್ 22ರಂದು ಜನತಾ ಕರ್ಫ್ಯೂ, 25ರಿಂದ ದೇಶಾದ್ಯಂತ ಲಾಕ್‌ಡೌನ್. ಮೊದಲು 21 ದಿನ ಎಂದದ್ದು ಮೇ 3ರವರೆಗೆ, 17ರವರೆಗೆ, ಕೊನೆಗೆ 31ರವರೆಗೆ ಬೆಳೆಯಿತು. ಇಂಗ್ಲೆಂಡಿನಲ್ಲಿ ಮಾರ್ಚ್ 25ರಿಂದ ಜೂನ್ 8ರವರೆಗೆ ವಾಡಿಕೆಯ ದಂತಚಿಕಿತ್ಸೆಯನ್ನೆಲ್ಲ ನಿಲ್ಲಿಸಿದ್ದರು. ನಮ್ಮಲ್ಲಿಯೂ ತುರ್ತು ಚಿಕಿತ್ಸೆಯ ವಿನಾ ಬೇರೇನನ್ನೂ ಮಾಡಬಾರದೆಂಬ ಸಲಹೆ ಬಂತು. ಹುಳುಕು ತುಂಬುವುದು, ಹಲ್ಲು ಕಟ್ಟುವುದು, ವಕ್ರದಂತಗಳಿಗೆ ತಂತಿ ಹಾಕುವುದು ಎಲ್ಲವೂ ನಿಂತವು.

ಮೊದಲ ವಾರ ಅದು ವರವೆಂದೇ ತೋರಿತು. ಮಗ ಎರಡು ದಿನ ಹೆಚ್ಚುಕಡಿಮೆ ಮಲಗಿಯೇ ಇದ್ದ. ದೂರದರ್ಶನದಲ್ಲಿ ಮಾರ್ಚ್ 28ರಿಂದ ರಾಮಾಯಣ ಧಾರಾವಾಹಿ ಮತ್ತೆ ಬರತೊಡಗಿತು. ಅಪ್ಪ ಅಮ್ಮ ಇಬ್ಬರ ನಡುವೆ ಕುಳಿತು ಮೊಮ್ಮಗ ಅದನ್ನು ನೋಡುವುದೇ ನಮಗೊಂದು ಸಂಭ್ರಮ. ಮಧ್ಯಾಹ್ನದ ಊಟಕ್ಕೆ ಐವರೂ ಒಟ್ಟಿಗೆ ಕುಳಿತದ್ದು ಆ ಮನೆಯಲ್ಲಿ ಹಬ್ಬದ ದಿನಗಳನ್ನು ಬಿಟ್ಟರೆ ಅದೇ ಮೊದಲು. ನೆರೆಮನೆಯವರೂ, ಪತ್ರಿಕೆಗಳೂ ಇದನ್ನೇ ಹೇಳುತ್ತಿದ್ದರು: ಮನುಷ್ಯ ಮನೆಗೆ ಮರಳಿದ್ದಾನೆ, ಕಳೆದುಕೊಂಡ ಸಂಸಾರಸುಖ ಮತ್ತೆ ದೊರೆತಿದೆ.

ಎರಡನೆಯ ವಾರದಿಂದ ಬೇರೆಯ ಚಿತ್ರ ಕಾಣತೊಡಗಿತು. ಮಗನ ಕೈಗೆ ಕೆಲಸವಿರಲಿಲ್ಲ, ಮನಸ್ಸಿಗೆ ಮಾತ್ರ ಕೆಲಸ ಹೆಚ್ಚಾಯಿತು. ಚಿಕಿತ್ಸಾಲಯದ ಬಾಡಿಗೆ, ಯಂತ್ರಗಳ ಸಾಲದ ಕಂತು, ಸಹಾಯಕಿಯರಿಬ್ಬರ ಸಂಬಳ ಯಾವುದೂ ಲಾಕ್‌ಡೌನನ್ನು ಅರಿಯವು. ರಿಸರ್ವ್ ಬ್ಯಾಂಕು ಮಾರ್ಚ್ 27ರಂದು ಸಾಲದ ಕಂತುಗಳಿಗೆ ಮೂರು ತಿಂಗಳ ವಿನಾಯಿತಿಯನ್ನು ಪ್ರಕಟಿಸಿ, ಅನಂತರ ಆಗಸ್ಟ್ ಕೊನೆಯವರೆಗೆ ವಿಸ್ತರಿಸಿತು. ಆದರೆ ಕಂತು ಮುಂದಕ್ಕೆ ಹೋದರೂ ಬಡ್ಡಿ ನಿಲ್ಲುವುದಿಲ್ಲ. ಸಹಾಯಕಿಯರಲ್ಲಿ ಒಬ್ಬಳು ವಿಧವೆ. ಅವಳ ಸಂಬಳದಿಂದಲೇ ಮನೆ ನಡೆಯಬೇಕು. ಅವಳಿಗೆ ಪೂರ್ಣ ಸಂಬಳ, ಇನ್ನೊಬ್ಬಳಿಗೆ ಮುಕ್ಕಾಲು ಕೊಡುವುದೆಂದು ಗಂಡಹೆಂಡಿರು ನಿಶ್ಚಯಿಸಿದರು. ಅದಕ್ಕಾಗಿ ಸೊಸೆ ತನ್ನ ಠೇವಣಿಯೊಂದನ್ನು ಮುರಿದಳು. ಕೃತಕ ಹಲ್ಲು ಮಾಡಿಕೊಡುತ್ತಿದ್ದ ಕುಶಲಕರ್ಮಿಯದು ಇನ್ನೂ ಕಷ್ಟ. ವೈದ್ಯರು ಕೆಲಸ ಕಳುಹಿಸಿದರೆ ಮಾತ್ರ ಅವನಿಗೆ ಕೂಲಿ. ಮಗ ರಾತ್ರಿ ಎರಡು ಗಂಟೆಗೆ ತಾರಸಿಯ ಮೇಲೆ ಅತ್ತಿಂದಿತ್ತ ನಡೆಯುತ್ತಿದ್ದ. ದಿನಕ್ಕೆ ಹತ್ತು ಗಂಟೆ ದುಡಿಯುತ್ತಿದ್ದಾಗ ಬರುತ್ತಿದ್ದ ನಿದ್ರೆ ದಿನವೆಲ್ಲ ಬಿಡುವಾಗಿದ್ದಾಗ ಬರಲಿಲ್ಲ. ಬಿಡುವು ಬೇರೆ, ವಿಶ್ರಾಂತಿ ಬೇರೆ ಎಂಬುದು ನನಗೆ ಸ್ಪಷ್ಟವಾಗಿ ಕಂಡದ್ದು ಆ ರಾತ್ರಿಗಳಲ್ಲಿ.

ಚಿಕಿತ್ಸಾಲಯ ಮುಚ್ಚಿತ್ತೇ ಹೊರತು ಹಲ್ಲುನೋವು ಮುಚ್ಚಿರಲಿಲ್ಲ. ಅದು ದೂರವಾಣಿಯ ಮೂಲಕ ಮನೆಯೊಳಗೆ ಬಂತು. ದೂರದಿಂದಲೇ ಸಲಹೆ ಕೊಡಲು ವೈದ್ಯರಿಗೆ ಅನುಮತಿಯಿತ್ತ ಸರ್ಕಾರದ ಮಾರ್ಗಸೂಚಿ 2020ರ ಮಾರ್ಚ್ 25ರಂದೇ ಹೊರಟಿತ್ತು. ಅದು ಬಹು ಉಪಕಾರಿಯಾದ ವ್ಯವಸ್ಥೆಯೇನೋ ಹೌದು. ಆದರೆ ಅದುವರೆಗೆ ವೃತ್ತಿಗೂ ಮನೆಗೂ ನಡುವೆ ಚಿಕಿತ್ಸಾಲಯದ ಬಾಗಿಲೆಂಬ ಒಂದು ಗಡಿಯಾದರೂ ಇತ್ತು; ಈಗ ಅದೂ ಹೋಯಿತು. ಬಾಯಿ ತೆರೆದು ತೆಗೆದ ಛಾಯಾಚಿತ್ರಗಳು ವಾಟ್ಸಾಪಿನಲ್ಲಿ ಊಟದ ಹೊತ್ತಿಗೆ ಬರುವುವು. ರಾತ್ರಿ ಹನ್ನೊಂದಕ್ಕೆ ಕರೆ, ಬೆಳಗಿನ ಐದಕ್ಕೆ ಕರೆ. ಹೇಗೂ ಮನೆಯಲ್ಲಿಯೇ ಇದ್ದೀರಲ್ಲ ಎಂಬುದು ಎಲ್ಲರ ಮೊದಲ ಮಾತು. ಮಗು ರಾಮಾಯಣ ನೋಡುತ್ತ ಒಂದು ಪ್ರಶ್ನೆ ಕೇಳಿದರೆ ಅಪ್ಪನ ಉತ್ತರ ಮೂರನೆಯ ಕರೆಯ ಅನಂತರ ಬರುತ್ತಿತ್ತು.

ಸೊಸೆಯ ಸ್ಥಿತಿ ಇನ್ನೂ ಗಂಭೀರ. ಮಗನಿಗೆ ವೃತ್ತಿ ನಿಂತು ಒಂದು ಹೊರೆ ಇಳಿದಿತ್ತು. ಅವಳಿಗೆ ವೃತ್ತಿ ನಿಂತ ದಿನವೇ ಎರಡನೆಯ ಹೊರೆ ಹೆಗಲೇರಿತು. ಮನೆಗೆಲಸದವಳು ಬರುವಂತಿಲ್ಲ. ಐವರಿಗೆ ಮೂರು ಹೊತ್ತಿನ ಅಡಿಗೆ, ಪಾತ್ರೆ, ಬಟ್ಟೆ, ಮಗುವಿನ ಪಾಠ, ಸಕ್ಕರೆ ಕಾಯಿಲೆಯ ಅತ್ತೆಗೆ ಬೇರೆ ಪಥ್ಯ. ನಡುನಡುವೆ ತಾಯಂದಿರ ಕರೆಗಳು: ಮಗುವಿನ ಹಾಲುಹಲ್ಲು ಅಲುಗುತ್ತಿದೆ, ಒಸಡು ಊದಿದೆ, ಏನು ಮಾಡಲಿ? ಒಂದು ಕೈಯಲ್ಲಿ ರೊಟ್ಟಿ ತಟ್ಟುತ್ತ ಹೆಗಲಿಗೂ ಕಿವಿಗೂ ನಡುವೆ ದೂರವಾಣಿ ಇಟ್ಟುಕೊಂಡು ಔಷಧಿ ಹೇಳುತ್ತಿದ್ದ ಅವಳನ್ನು ನನ್ನ ಪತ್ನಿ ಒಂದು ದಿನ ಸುಮ್ಮನೆ ನೋಡಿದಳು. ಆ ಸಂಜೆ ಮಗನನ್ನು ಕರೆದು, ‘ನಿನಗೆ ರಜೆ, ಅವಳಿಗೆ ಎರಡು ಪಾಳಿ. ಇಬ್ಬರೂ ಓದಿದ್ದು ಒಂದೇ ಓದು ತಾನೆ?’ ಎಂದಳು. ಅಷ್ಟೇ ಮಾತು. ಮಗ ತಲೆ ತಗ್ಗಿಸಿದ. ಮರುದಿನ ಬೆಳಿಗ್ಗೆ ಪಾತ್ರೆ ತೊಳೆಯಲು ನಿಂತ. ದಂತವೈದ್ಯಕೀಯ ಓದುವವರಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಇಂದು ಬಹಳ ದೊಡ್ಡದು. ಸಮತೋಲನವೆಂದರೆ ಕಚೇರಿಗೂ ಮನೆಗೂ ನಡುವಿನ ಲೆಕ್ಕ ಎಂದು ತಿಳಿದವರು, ಮನೆಯೂ ಒಂದು ದುಡಿಮೆಯ ಸ್ಥಳವೆಂಬುದನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ.

ಆ ವಾರದ ಕೊನೆಯಲ್ಲಿ ನಾವೆಲ್ಲ ಕುಳಿತು ಒಂದು ಕ್ರಮ ಮಾಡಿಕೊಂಡೆವು. ನಾನು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಬೆಳೆದವನು. ಅಲ್ಲಿ ದಿನವೆಲ್ಲ ಗಂಟೆಯ ಅಧೀನ. ಪಾಠಕ್ಕೆ ಗಂಟೆ, ಪೂಜೆಗೆ ಗಂಟೆ, ದಾಸೋಹಕ್ಕೆ ಗಂಟೆ, ಮಲಗುವುದಕ್ಕೂ ಗಂಟೆ. ಪಾಠ ಎಷ್ಟೇ ಮುಖ್ಯವಾಗಿದ್ದರೂ ದಾಸೋಹದ ಗಂಟೆ ಬಾರಿಸಿದ ಮೇಲೆ ಗುರುಗಳು ಗ್ರಂಥ ಮಡಿಸುತ್ತಿದ್ದರು. ವಿರಾಮವೆಂಬುದು ಕೆಲಸ ಮುಗಿದು ಮಿಕ್ಕಾಗ ದೊರೆಯುವ ವಸ್ತುವಾಗಿರಲಿಲ್ಲ. ಅದಕ್ಕೂ ಪಾಠದಷ್ಟೇ ಖಚಿತವಾದ ಸ್ಥಾನವಿತ್ತು. ಈ ಮಾತನ್ನು ಮಕ್ಕಳಿಗೆ ಹೇಳಿದೆ. ಅವರು ತಮ್ಮ ರೀತಿಯಲ್ಲಿ ಅದನ್ನು ಅಳವಡಿಸಿಕೊಂಡರು. ಬೆಳಿಗ್ಗೆ ಹತ್ತರಿಂದ ಹನ್ನೆರಡು ಮಗ, ಸಂಜೆ ಐದರಿಂದ ಆರೂವರೆ ಸೊಸೆ ಕರೆಗಳಿಗೆ ಉತ್ತರಿಸುವುದು. ಮಿಕ್ಕ ಹೊತ್ತಿನಲ್ಲಿ ಉತ್ತರ ತುರ್ತಿಗೆ ಮಾತ್ರ. ತುರ್ತೆಂದರೆ ಏನೆಂಬುದನ್ನೂ ಬರೆದು ಎಲ್ಲ ರೋಗಿಗಳಿಗೆ ಕಳುಹಿಸಿದರು: ಮುಖ ಅಥವಾ ಗದ್ದದ ಕೆಳಗೆ ಊತ, ಜ್ವರ, ಬಾಯಿ ತೆರೆಯಲು ಅಥವಾ ನುಂಗಲು ಆಗದಿರುವುದು, ನಿಲ್ಲದ ರಕ್ತಸ್ರಾವ, ಬಿದ್ದು ಹಲ್ಲು ಮುರಿದಿರುವುದು. ಒಬ್ಬರು ಕರೆ ತೆಗೆದುಕೊಳ್ಳುವಾಗ ಇನ್ನೊಬ್ಬರದು ಅಡಿಗೆಮನೆ. ಆಶ್ಚರ್ಯದ ಸಂಗತಿಯೆಂದರೆ ರೋಗಿಗಳಲ್ಲಿ ಯಾರೂ ಇದಕ್ಕೆ ಬೇಸರಪಡಲಿಲ್ಲ. ಹೊತ್ತು ತಿಳಿಸಿದರೆ ಜನ ಹೊತ್ತಿಗೆ ಕಾಯುತ್ತಾರೆ. ತಿಳಿಸದಿದ್ದರೆ ಎಲ್ಲ ಹೊತ್ತೂ ತಮ್ಮದೆಂದು ಭಾವಿಸುತ್ತಾರೆ. ಮಗನಿಗೆ ನಿದ್ರೆ ಮರಳಿ ಬಂದದ್ದು ಸಾಲ ತೀರಿದ್ದರಿಂದಲ್ಲ, ದಿನಕ್ಕೆ ಒಂದು ಆಕಾರ ಬಂದದ್ದರಿಂದ.

ಈ ಕ್ರಮವನ್ನು ಮುರಿಯಬೇಕಾದ ದಿನವೂ ಬಂತು. ಏಪ್ರಿಲ್ ಉತ್ತರಾರ್ಧದಲ್ಲಿ ಹೊನ್ನಾಳಿ ಕಡೆಯ ಒಬ್ಬ ರೈತನ ಮಗ ಕರೆಮಾಡಿದ. ತಂದೆಗೆ ದವಡೆಹಲ್ಲಿನ ನೋವು ಹತ್ತು ದಿನದಿಂದ ಇತ್ತು. ಹೊಗೆಸೊಪ್ಪು ಒತ್ತಿಕೊಂಡು, ಕೆನ್ನೆಗೆ ಬಿಸಿ ಶಾಖ ಕೊಟ್ಟುಕೊಂಡು ಕಾಲ ಕಳೆದಿದ್ದ. ಈಗ ಗದ್ದದ ಕೆಳಗೆ ಎರಡೂ ಕಡೆ ಊದಿ ಎಂಜಲು ನುಂಗಲಾಗುತ್ತಿಲ್ಲ. ಹಲ್ಲಿನ ಕೀವು ನಾಲಗೆಯ ಬುಡಕ್ಕಿಳಿದರೆ ಉಸಿರೇ ಕಟ್ಟಬಹುದೆಂಬುದು ದಂತವೈದ್ಯರೆಲ್ಲ ಬಲ್ಲ ಸತ್ಯ. ಮಗ ದೊಡ್ಡ ಆಸ್ಪತ್ರೆಯ ಶಸ್ತ್ರವೈದ್ಯರೊಡನೆ ಮಾತನಾಡಿ, ಆಂಬುಲೆನ್ಸಿಗೆ ವ್ಯವಸ್ಥೆ ಮಾಡಿ, ತಾನೂ ಅಲ್ಲಿಗೆ ಹೋಗಿ ಕೀವು ತೆಗೆಯುವಲ್ಲಿ ನೆರವಾದ. ಆ ರೈತ ಬದುಕಿದ. ಆದರೆ ಮಗ ಮನೆಗೆ ಬಂದವನು ಒಳಗೆ ಬರಲಿಲ್ಲ. ಹಿತ್ತಿಲಲ್ಲಿ ಸ್ನಾನ ಮಾಡಿ ಹೊರಮೆಟ್ಟಿಲಿನಿಂದ ತಾರಸಿಯ ಕೋಣೆಗೆ ಹೋಗಿ ಹದಿನಾಲ್ಕು ದಿನ ಅಲ್ಲಿಯೇ ಇದ್ದ. ಕೆಳಗೆ ಅರವತ್ತು ದಾಟಿದ ನಾನು, ಸಕ್ಕರೆ ಕಾಯಿಲೆಯ ತಾಯಿ. ಊಟದ ತಟ್ಟೆಯನ್ನು ಮೇಲಿನ ಮೆಟ್ಟಿಲ ಮೇಲಿಟ್ಟು ಸೊಸೆ ಕೆಳಗಿಳಿಯುತ್ತಿದ್ದಳು. ಮೊಮ್ಮಗ ಮೆಟ್ಟಿಲ ಬುಡದಲ್ಲಿ ನಿಂತು ಅಪ್ಪನೊಡನೆ ಮಾತನಾಡುತ್ತಿದ್ದ. ಹೀಗೆ ವೃತ್ತಿ ಮನೆಯಿಂದ ಹದಿನಾಲ್ಕು ದಿನವನ್ನು ಕಿತ್ತುಕೊಂಡಿತು. ಅದಕ್ಕಾಗಿ ಮನೆಯಲ್ಲಿ ಯಾರೂ ಗೊಣಗಲಿಲ್ಲ. ಅಗತ್ಯವಾದದ್ದನ್ನು ಕೊಡುವುದಕ್ಕೆ ಮನೆ ಎಂದೂ ಹಿಂಜರಿಯುವುದಿಲ್ಲ. ಅನಗತ್ಯವಾದದ್ದಕ್ಕೆ ದಿನದಿನವೂ ಸವೆಯುವುದೇ ಮನೆಯನ್ನು ದಣಿಸುವುದು.

ಕೇಂದ್ರ ಆರೋಗ್ಯ ಇಲಾಖೆ 2020ರ ಮೇ 19ರಂದು ದಂತವೈದ್ಯರಿಗಾಗಿಯೇ ಮಾರ್ಗಸೂಚಿ ಹೊರಡಿಸಿತು. ನಿರ್ಬಂಧಿತ ಪ್ರದೇಶಗಳಲ್ಲಿ ಚಿಕಿತ್ಸಾಲಯ ಮುಚ್ಚಿರಬೇಕು, ಕೆಂಪು ವಲಯದಲ್ಲಿ ತುರ್ತು ಚಿಕಿತ್ಸೆ ಮಾತ್ರ, ಕಿತ್ತಳೆ ಮತ್ತು ಹಸಿರು ವಲಯಗಳಲ್ಲಿಯೂ ಅತ್ಯಗತ್ಯವಾದದ್ದಷ್ಟೇ ಎಂದು ಅದರಲ್ಲಿತ್ತು. ಮುಂದೆ ನಿಧಾನವಾಗಿ ಕೆಲಸ ಆರಂಭವಾಯಿತು. ಎನ್-95 ಮುಖಗವಸು, ಅದರ ಮೇಲೆ ಪಾರದರ್ಶಕ ಮುಖಕವಚ, ಮೈತುಂಬ ಮುಚ್ಚುವ ಪ್ಲಾಸ್ಟಿಕ್ ಉಡುಪು. ಹವಾನಿಯಂತ್ರಕ ಹಾಕುವಂತಿಲ್ಲ. ದಾವಣಗೆರೆಯ ಬೇಸಗೆ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಚಿಕಿತ್ಸೆಗೆ ಮುನ್ನ ರೋಗಿ ಔಷಧದ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಹಲ್ಲಿನ ಸುತ್ತ ರಬ್ಬರಿನ ಹಾಳೆ ಕಟ್ಟಬೇಕು. ಈ ರಬ್ಬರ್ ಹಾಳೆಯ ಉಪಾಯ 1864ರಷ್ಟು ಹಿಂದೆಯೇ ಅಮೆರಿಕದ ದಂತವೈದ್ಯನೊಬ್ಬ ಕಂಡುಹಿಡಿದದ್ದು. ಅವಸರದ ವೃತ್ತಿಯಲ್ಲಿ ಎಷ್ಟೋ ಕಡೆ ಮೂಲೆ ಸೇರಿದ್ದ ಅದು ಮತ್ತೆ ಕೈಗೆ ಬಂತು. ಒಬ್ಬ ರೋಗಿ ಹೋದ ಮೇಲೆ ಕಿಟಕಿ ತೆರೆದು, ಕೋಣೆ ಒರೆಸಿ, ಗಾಳಿ ತಿಳಿಯಾಗುವವರೆಗೆ ಕಾದು ಇನ್ನೊಬ್ಬರನ್ನು ಕರೆಯಬೇಕು. ದಿನಕ್ಕೆ ಹದಿನೈದು ರೋಗಿಗಳನ್ನು ನೋಡುತ್ತಿದ್ದಲ್ಲಿ ಐದಾರು ಮಂದಿ. ವೆಚ್ಚ ಏರಿತು, ಆದಾಯ ಇಳಿಯಿತು.

ಆದರೂ ಆ ಕಾಯುವ ಹೊತ್ತಿನ ವಿಷಯದಲ್ಲಿ ಮಗ ಹೇಳಿದ ಮಾತನ್ನು ಇಲ್ಲಿ ದಾಖಲಿಸಬೇಕು. ಇಬ್ಬರು ರೋಗಿಗಳ ನಡುವೆ ಅರ್ಧ ಗಂಟೆ ಕಡ್ಡಾಯವಾಗಿ ಸುಮ್ಮನೆ ಕೂರಬೇಕಾದಾಗ ಮೊದಮೊದಲು ಅವನಿಗೆ ಕೈಕಾಲು ಕಟ್ಟಿಹಾಕಿದಂತಾಗಿತ್ತಂತೆ. ಕ್ರಮೇಣ ಆ ಹೊತ್ತಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು, ನೀರು ಕುಡಿದು, ಮುಂದಿನ ರೋಗಿಯ ಹಳೆಯ ವಿವರ ಓದತೊಡಗಿದ. ಕತ್ತುನೋವು ಕಡಿಮೆಯಾಯಿತು. ರೋಗಿಯ ಹೆಸರು ಹಿಡಿದು ಮಾತನಾಡಿಸಲು ಪುರುಸೊತ್ತಾಯಿತು. ಎಚ್ಚರಿಕೆಯೂ ವ್ಯರ್ಥವಾಗಲಿಲ್ಲ. ಅಮೆರಿಕದಲ್ಲಿ 2020ರ ಜೂನ್ ತಿಂಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ದಂತವೈದ್ಯರ ಪೈಕಿ ಸೋಂಕು ತಗುಲಿದವರು ಶೇಕಡಾ 1ಕ್ಕಿಂತ ಕಡಿಮೆಯೆಂದು ಕಂಡುಬಂತು. ಅತ್ಯಂತ ಅಪಾಯದ ವೃತ್ತಿಯೆಂದು ಹೆಸರಾಗಿದ್ದುದು ಶಿಸ್ತಿನಿಂದ ನಡೆದಾಗ ಸುರಕ್ಷಿತವೂ ಆಯಿತು.

2021ರ ಜನವರಿ 16ರಿಂದ ಆರೋಗ್ಯ ಕಾರ್ಯಕರ್ತರಿಗೆ ಲಸಿಕೆ ಆರಂಭವಾಗಿ, ಮಗ ಸೊಸೆಯರಿಬ್ಬರೂ ಅದನ್ನು ಪಡೆದರು. ಆ ವರ್ಷದ ಬೇಸಗೆಯ ಎರಡನೆಯ ಅಲೆಯಲ್ಲಿ ದಂತವೈದ್ಯರಿಗೆ ಬೇರೊಂದು ಪರೀಕ್ಷೆ ಕಾದಿತ್ತು. ಕೊರೊನಾದಿಂದ ಚೇತರಿಸಿಕೊಂಡ ಸಕ್ಕರೆ ಕಾಯಿಲೆಯವರಲ್ಲಿ, ಸ್ಟೀರಾಯ್ಡ್ ಔಷಧಿ ತೆಗೆದುಕೊಂಡವರಲ್ಲಿ ಕಪ್ಪು ಶಿಲೀಂಧ್ರವೆಂದು ಜನ ಕರೆದ ರೋಗ ಕಾಣಿಸಿತು. ಮೂಗಿನ ಪಕ್ಕದ ಎಲುಬಿನಿಂದ ಮೇಲ್ದವಡೆಗೆ ಇಳಿದಾಗ ಅದು ಮೊದಲು ತೋರಿಕೊಳ್ಳುತ್ತಿದ್ದುದು ಹಲ್ಲು ಅಲುಗುವಿಕೆಯಾಗಿ, ಅಂಗುಳಿನ ಬಣ್ಣ ಬದಲಾಗುವಿಕೆಯಾಗಿ. ಎಷ್ಟೋ ರೋಗಿಗಳು ಮೊದಲು ಬಂದದ್ದು ದಂತವೈದ್ಯರ ಬಳಿಗೇ. ತಡವಾದರೆ ದವಡೆ, ಕಣ್ಣು, ಕೊನೆಗೆ ಪ್ರಾಣ. ಆ ಎರಡು ತಿಂಗಳು ನಮ್ಮ ಮನೆಯ ಹೊತ್ತಿನ ಕ್ರಮವೆಲ್ಲ ಮತ್ತೆ ಬದಿಗೆ ಸರಿಯಿತು. ರಾತ್ರಿಯ ಕರೆಗಳನ್ನೂ ತೆಗೆದುಕೊಂಡರು. ಜುಲೈ ಕಳೆದ ಮೇಲೆ, ಯಾರೂ ಹೇಳದೆಯೇ, ಹಳೆಯ ಕ್ರಮಕ್ಕೆ ಮರಳಿದರು. ತಕ್ಕಡಿಯ ಎರಡು ತಟ್ಟೆಗಳೂ ದಿನದಿನವೂ ಸಮನಾಗಿರಬೇಕೆಂಬುದು ಸಮತೋಲನದ ಅರ್ಥವಲ್ಲ. ಒಂದು ಕಡೆ ಬಾಗಬೇಕಾದಾಗ ಬಾಗಿ, ಕಾಲ ಕಳೆದೊಡನೆ ಮರಳಿ ನೆಟ್ಟಗಾಗುವ ಶಕ್ತಿಯೇ ಸಮತೋಲನ.

ಕಾಯಕವೆಂಬ ಮಾತು ಈ ಪತ್ರಿಕೆಯ ವಾಚಕರಿಗೆ ಅತ್ಯಂತ ಪರಿಚಿತವಾದದ್ದು. ಅದನ್ನು ಬಿಡುವಿಲ್ಲದ ದುಡಿಮೆಯೆಂದು ಅರ್ಥೈಸುವ ವಾಡಿಕೆ ನಮ್ಮ ಮನೆಗಳಲ್ಲಿದೆ. ಹಾಗೆ ದುಡಿಯುವವನನ್ನು ಆದರ್ಶವೆಂದು ಹೊಗಳುತ್ತೇವೆ. ದೇಹ ದಣಿದು, ಹೆಂಡತಿ ಮಕ್ಕಳಿಗೆ ಮುಖ ತೋರಿಸದೆ, ನೆರೆಯ ಫಲಕದ ಭಯದಿಂದ ನಡುರಾತ್ರಿಯವರೆಗೆ ದುಡಿಯುವುದು ಕಾಯಕವಲ್ಲ, ಅದು ಸ್ಪರ್ಧೆ. ಅಗತ್ಯವಿದ್ದವನಿಗೆ ಒದಗುವುದು, ತನ್ನ ಕೈಕೆಳಗಿನವರ ಅನ್ನವನ್ನು ಕಾಯುವುದು, ಮನೆಯ ದುಡಿಮೆಯಲ್ಲಿ ಪಾಲು ಹೊರುವುದು, ಇವು ಮೂರೂ ಸೇರಿದಾಗ ಮಾತ್ರ ಆ ಶಬ್ದಕ್ಕೆ ತೂಕ ಬರುತ್ತದೆ.

ಈಗ ನಮ್ಮ ಮಕ್ಕಳ ಚಿಕಿತ್ಸಾಲಯ ಸಂಜೆ ಏಳೂವರೆಗೆ ಮುಚ್ಚುತ್ತದೆ. ಭಾನುವಾರ ಪೂರ್ಣ ರಜೆ. ಬೆಳಗಿನ ಉಪಾಹಾರ ಮಗನ ಪಾಲು, ರಾತ್ರಿಯ ಅಡಿಗೆ ಸೊಸೆಯ ಪಾಲು. ತುರ್ತಿನ ಪಟ್ಟಿ ಇಂದಿಗೂ ಗೋಡೆಯ ಮೇಲಿದೆ. ಇದಕ್ಕೆ ಬೆಲೆ ತೆರಬೇಕಾಯಿತು ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಎಂಟು ಗಂಟೆಯ ಮೇಲೆ ಬರುತ್ತಿದ್ದ ರೋಗಿಗಳಲ್ಲಿ ಕೆಲವರು ಬೇರೆಡೆಗೆ ಹೋದರು. ಯಂತ್ರದ ಸಾಲ ತೀರಲು ಎಣಿಸಿದ್ದಕ್ಕಿಂತ ಎರಡು ವರ್ಷ ಹೆಚ್ಚು ಹಿಡಿಯಿತು. ಅವರ ಸಹಪಾಠಿಗಳಲ್ಲಿ ಹಲವರು ನಿರ್ಬಂಧ ತೆರವಾದೊಡನೆ ಹಳೆಯ ಓಟಕ್ಕೇ ಮರಳಿದರು. ಒಬ್ಬಿಬ್ಬರು ವೃತ್ತಿಯನ್ನೇ ಬಿಟ್ಟರು. ಅವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಸಾಲದ ಹೊರೆ ಒಬ್ಬೊಬ್ಬರದು ಒಂದೊಂದು ತೂಕ.

ಗೃಹಸ್ಥ ಬಂಧುಗಳಲ್ಲಿ ಮೂರು ವಿಜ್ಞಾಪನೆಗಳನ್ನು ಮಾಡಿಕೊಳ್ಳುತ್ತೇನೆ. ಮೊದಲನೆಯದು, ರೋಗಿಗಳಾಗಿ. ಹಲ್ಲುನೋವನ್ನು ಹತ್ತು ದಿನ ಬಚ್ಚಿಟ್ಟುಕೊಂಡು ಹನ್ನೊಂದನೆಯ ದಿನದ ನಡುರಾತ್ರಿ ವೈದ್ಯರನ್ನು ಎಬ್ಬಿಸಬೇಡಿ. ದಿನಕ್ಕೆ ಎರಡು ಬಾರಿ ಹಲ್ಲುಜ್ಜಿ. ನೋವು ಬಂದರೆ ಹೊಗೆಸೊಪ್ಪು, ಗುಳಿಗೆಗಳನ್ನು ಒಸಡಿಗೆ ಒತ್ತಬೇಡಿ, ಅವು ಒಸಡನ್ನು ಸುಡುತ್ತವೆ. ಊದಿದ ಕೆನ್ನೆಗೆ ಬಿಸಿ ಶಾಖ ಕೊಡಬೇಡಿ. ಹಗಲಿನಲ್ಲಿಯೇ ಹೋಗಿ ತೋರಿಸಿ. ಎರಡನೆಯದು, ತಂದೆತಾಯಿಗಳಾಗಿ. ಮಗನನ್ನೋ ಮಗಳನ್ನೋ ದಂತವೈದ್ಯಕೀಯಕ್ಕೆ ಸೇರಿಸುವಾಗ ಶುಲ್ಕದ ಲೆಕ್ಕದೊಡನೆ ಮುಂದಿನ ಸಾಲದ ಲೆಕ್ಕವನ್ನೂ ಮಾಡಿ. ಚಿಕಿತ್ಸಾಲಯವನ್ನು ಚಿಕ್ಕದಾಗಿ ತೆರೆಯುವುದಕ್ಕೆ ಮಕ್ಕಳಿಗೆ ಧೈರ್ಯ ಕೊಡಿ. ಪಕ್ಕದವರ ಯಂತ್ರ ನೋಡಿ ಯಂತ್ರ ಕೊಳ್ಳುವಂತೆ ಒತ್ತಾಯಿಸಬೇಡಿ. ಮೂರನೆಯದು, ಅತ್ತೆಮಾವಂದಿರಾಗಿ. ವೈದ್ಯೆಯಾದ ಸೊಸೆಯನ್ನು ತರುವುದನ್ನು ಗೌರವವೆಂದು ಭಾವಿಸುವ ನಾವು, ಅವಳು ಸಂಜೆ ಮನೆಗೆ ಬಂದಾಗ ಅವಳ ಪಾಲಿಗೆ ಇನ್ನೊಂದು ಪಾಳಿ ಕಾದಿರದಂತೆ ನೋಡಿಕೊಳ್ಳಬೇಕು. ಹಿರಿಯರು ಒಂದು ಮಾತು ಆಡಿದರೆ ಮನೆಯ ಕ್ರಮ ಬದಲಾಗುತ್ತದೆಂಬುದಕ್ಕೆ ನನ್ನ ಪತ್ನಿಯ ಮಾತೇ ಸಾಕ್ಷಿ.

ಲಾಕ್‌ಡೌನ್ ಕೊಟ್ಟದ್ದು ಬಿಡುವನ್ನು. ಅದು ಭಯದೊಡನೆ ಬಂತು, ಸಾಲದೊಡನೆ ಬಂತು, ಹೇಳದೆ ಕೇಳದೆ ಬಂತು, ಹಾಗೆಯೇ ಹೋಯಿತು. ವಿಶ್ರಾಂತಿಯನ್ನು ಮಾತ್ರ ಯಾವ ಸರ್ಕಾರದ ಆಜ್ಞೆಯೂ ಕೊಡಲಾರದು. ಅದನ್ನು ದುಡಿಯುವವರೇ ಗೊತ್ತುಮಾಡಬೇಕು. ಮನೆಯವರೂ ರೋಗಿಗಳೂ ಅದನ್ನು ಮನ್ನಿಸಬೇಕು. ಇನ್ನೊಂದು ಸಾಂಕ್ರಾಮಿಕ ಬಂದು ಬಾಗಿಲು ಹಾಕಿಸುವವರೆಗೆ ಅದಕ್ಕಾಗಿ ಕಾಯಬೇಕಾದ ಅಗತ್ಯ ಯಾವ ಮನೆಗೂ ಬಾರದಿರಲಿ.